ಡಿವಿಡಿ ರೆಕಾರ್ಡರ್ ಡಿಸ್ಕ್ ಓದುತ್ತಿಲ್ಲವೇ? ಸ್ಕ್ರೂಡ್ರೈವರ್ ಹುಡುಕುವ ಮೊದಲು ನಾಲ್ಕು ಡಿಸ್ಕ್ ಹುಡುಕಿ

ಅಕ್ಕ ಫೋನ್ ಮಾಡಿದ್ದು ಮಳೆಗಾಲದ ನಡುವೆ. "ಎಂತ ಮಾರಾಯ, ಲೈಟ್ ಬರ್ತದೆ, ಟ್ರೇ ಹೊರಗೆ ಬರ್ತದೆ, ಒಳಗೂ ಹೋಗ್ತದೆ. ಡಿಸ್ಕ್ ಮಾತ್ರ ತಗೊಳ್ಳುದಿಲ್ಲ."

ಭಾವ 2007ರಲ್ಲಿ ದುಬೈಯಿಂದ ತಂದ ಡಿವಿಡಿ ರೆಕಾರ್ಡರ್ ಅದು, ಡಿಸ್ಕ್ ಓಡಿಸುವುದಷ್ಟೇ ಅಲ್ಲ, ಡಿಸ್ಕಿಗೆ ವಿಡಿಯೊ ಬರೆಯುವ ಮಷಿನ್ ಕೂಡ. ಉಡುಪಿ ಹತ್ತಿರದ ಅವರ ಮನೆಯಲ್ಲಿ, ಟಿವಿ ಶೋಕೇಸಿನ ಕೆಳಗಿನ ಅರೆಯಲ್ಲಿ, ಕಸೂತಿ ಬಟ್ಟೆ ಹೊದ್ದುಕೊಂಡು ಎಷ್ಟೋ ವರ್ಷದಿಂದ ಸುಮ್ನೆ ಕೂತಿತ್ತು. ಈಗ ಅದರ ನೆನಪಾಗಲು ಕಾರಣ ಇತ್ತು. 2009ರಲ್ಲಿ ನಡೆದ ಮಗಳ ನಾಮಕರಣದ ವಿಡಿಯೊ ಇರುವ ಡಿಸ್ಕ್ ಬೇರೆ ಯಾವ ಪ್ಲೇಯರಿನಲ್ಲೂ ಓಡುವುದಿಲ್ಲ. ಆ ಮಗು ಈಗ ಪಿಯುಸಿಯಲ್ಲಿದ್ದಾಳೆ.

ಡಿಸ್ಕ್ ಹಾಕಿದರೆ ಅರ್ಧ ನಿಮಿಷ "ಲೋಡಿಂಗ್" ಅಂತ ತೋರಿಸುತ್ತದೆ. ಆಮೇಲೆ "ನೋ ಡಿಸ್ಕ್". ಇದನ್ನು ನೋಡಿದ ಕೂಡಲೇ ಎಲ್ಲರೂ ಹೇಳುವ ಮಾತು ಒಂದೇ: "ಲೆನ್ಸ್ ಹೋಗಿದೆ." ಹೋಗಿರಲೂಬಹುದು. ಆದರೆ ಕೊಳೆಯಾದ ಲೆನ್ಸ್, ಸುಸ್ತಾದ ಲೇಸರ್, ತಿರುಗದ ಮೋಟರ್, ಉಬ್ಬಿದ ಕೆಪಾಸಿಟರ್, ಬಗ್ಗಿದ ಡಿಸ್ಕ್ ಈ ಐದಕ್ಕೂ ಮಷಿನ್ ತೋರಿಸುವುದು ಅದೇ "ನೋ ಡಿಸ್ಕ್". ಅದಕ್ಕೆ ಬೇರೆ ಮಾತು ಬರುವುದಿಲ್ಲ. ಹಾಗಾಗಿ ಯಾವ ಡಿಸ್ಕ್ ಓಡುತ್ತದೆ, ಯಾವುದು ಓಡುವುದಿಲ್ಲ ಅನ್ನುವುದನ್ನೇ ಮೊದಲು ನೋಡಬೇಕು.

ಅದಕ್ಕೂ ಮೊದಲು ಎರಡು ಸಣ್ಣ ಕೆಲಸ. ಪ್ಲಗ್ ಕಿತ್ತು ಹತ್ತು ನಿಮಿಷ ಬಿಟ್ಟು ಮತ್ತೆ ಹಾಕಿ. ರೆಕಾರ್ಡರ್ ಅಂದರೆ ಒಳಗೊಂದು ಚಿಕ್ಕ ಕಂಪ್ಯೂಟರ್, ಅದಕ್ಕೂ ತಲೆ ಕೆಡುತ್ತದೆ. ಎರಡನೆಯದು, ಎಸಿ ರೂಮಿನಿಂದ ಅಥವಾ ಎಸಿ ಕಾರಿನಿಂದ ಹೊರಗಿನ ಸೆಕೆಗೆ ಈಗಷ್ಟೇ ತಂದಿದ್ದರೆ ಒಂದೆರಡು ಗಂಟೆ ಸುಮ್ಮನಿಡಿ. ಕನ್ನಡಕದ ಮೇಲೆ ಕೂರುವ ಹಬೆಯೇ ಲೆನ್ಸಿನ ಮೇಲೂ ಕೂರುತ್ತದೆ.

ನಾಲ್ಕು ಡಿಸ್ಕಿನ ಪರೀಕ್ಷೆ

ಬೇಕಾಗುವುದು ಇಷ್ಟು: ಒಂದು ಸಿನಿಮಾ ವಿಸಿಡಿ ಅಥವಾ ಹಾಡಿನ ಸಿಡಿ, ಅಂಗಡಿಯಲ್ಲಿ ಕೊಂಡ ಒಂದು ಸಿನಿಮಾ ಡಿವಿಡಿ, ಮನೆಯಲ್ಲಿ ರೆಕಾರ್ಡ್ ಮಾಡಿದ ಒಂದು ಡಿವಿಡಿ-ಆರ್ (ಒಂದೇ ಸಲ ಬರೆಯಬಹುದಾದದ್ದು), ಸಿಕ್ಕರೆ ಅಳಿಸಿ ಮತ್ತೆ ಬರೆಯಬಹುದಾದ ಒಂದು ಡಿವಿಡಿ-ಆರ್‌ಡಬ್ಲ್ಯೂ. ವಿಸಿಡಿ ಎಲ್ಲಿಂದ ತರೋಣ ಅನ್ನಬೇಡಿ. ಡಿಸ್ಕ್ ಕಂಪನಿ ಮೋಸರ್ ಬೇರ್‌ನವರು 2007ರಲ್ಲಿ 28 ರೂಪಾಯಿಗೆ ಸಿನಿಮಾ ವಿಸಿಡಿ ಮಾರಲು ಶುರು ಮಾಡಿದ ಮೇಲೆ ಅವು ಮನೆಮನೆಗೂ ಬಂದಿವೆ. ಅಟ್ಟದ ಮೇಲಿನ ಡಬ್ಬಿ ಇಳಿಸಿ ನೋಡಿ.

ಸಿಡಿ ಮತ್ತು ಡಿವಿಡಿ ನೋಡಲು ಒಂದೇ ಥರ. 12 ಸೆಂಟಿಮೀಟರ್ ಅಗಲ, 1.2 ಮಿಲಿಮೀಟರ್ ದಪ್ಪ. ಓದುವ ಬೆಳಕು ಮಾತ್ರ ಬೇರೆ. ಸಿಡಿಗೆ 780 ನ್ಯಾನೊಮೀಟರಿನ ಕಣ್ಣಿಗೆ ಕಾಣದ ಬೆಳಕು, ಡಿವಿಡಿಗೆ 650 ನ್ಯಾನೊಮೀಟರಿನ ಕೆಂಪು ಬೆಳಕು. ಹಾಗಾಗಿ ರೆಕಾರ್ಡರಿನ ಓದುವ-ಬರೆಯುವ ತಲೆಯಾದ ಪಿಕಪ್‌ನಲ್ಲಿ ಎರಡು ಲೇಸರ್ ಇರುತ್ತವೆ. ಎರಡೂ ಹೊರಗೆ ಬರುವುದು ಸಾಮಾನ್ಯವಾಗಿ ಒಂದೇ ಲೆನ್ಸಿನಿಂದ. ಡಿಸ್ಕಿನಲ್ಲಿ ಮಾಹಿತಿ ಇರುವುದು ಸುತ್ತುಸುತ್ತಾದ ಗೆರೆಯಲ್ಲಿ. ಸಿಡಿಯಲ್ಲಿ ಒಂದು ಗೆರೆಗೂ ಪಕ್ಕದ ಗೆರೆಗೂ 1.6 ಮೈಕ್ರೊಮೀಟರ್ ಅಂತರ. ಡಿವಿಡಿಯಲ್ಲಿ ಅದು 0.74. ಅಂದರೆ ಅರ್ಧಕ್ಕಿಂತ ಕಡಿಮೆ. ಲೆನ್ಸಿನ ಮೇಲೆ ತೆಳುವಾದ ಮಬ್ಬು ಕೂತರೆ ಮೊದಲು ಪೆಟ್ಟು ತಿನ್ನುವುದು ಡಿವಿಡಿ.

ಇನ್ನೊಂದು ವಿಷಯ ಡಿಸ್ಕಿನ ಹೊಳಪು. ಒಂದೇ ಪದರದ ಸಿನಿಮಾ ಡಿವಿಡಿ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಶೇ. 45ರಿಂದ 85ರಷ್ಟನ್ನು ವಾಪಸ್ ಕಳಿಸುತ್ತದೆ. ಎರಡು ಪದರದ ಡಿವಿಡಿ ಮತ್ತು ಆರ್‌ಡಬ್ಲ್ಯೂ ಕಳಿಸುವುದು ಬರೀ ಶೇ. 18ರಿಂದ 30. ಡಿವಿಡಿ-ಆರ್ ಹೊಸದಿದ್ದಾಗ ಸಿನಿಮಾ ಡಿವಿಡಿಯ ಹತ್ತಿರವೇ ಇರುತ್ತದೆ. ಆದರೆ ಅದರೊಳಗಿರುವುದು ಬಣ್ಣದ ಪದರ. ಬಿಸಿಲು, ಸೆಕೆ, ತೇವಕ್ಕೆ ಅದು ವರ್ಷ ಕಳೆದಂತೆ ಕೆಡುತ್ತದೆ. ಹೀಗಾಗಿ ಓದಲು ಸುಲಭದಿಂದ ಕಷ್ಟದ ಕಡೆಗೆ ಹೋದರೆ ಸಾಲು ಹೀಗಿರುತ್ತದೆ: ವಿಸಿಡಿ, ಸಿನಿಮಾ ಡಿವಿಡಿ, ಹಳೆಯ ಡಿವಿಡಿ-ಆರ್, ಕೊನೆಗೆ ಆರ್‌ಡಬ್ಲ್ಯೂ.

ಈಗ ಒಂದೊಂದಾಗಿ ಹಾಕಿ. ನಾಲ್ಕೂ ಓಡದಿದ್ದರೆ ತೊಂದರೆ ದೊಡ್ಡದು. ಮೋಟರ್, ಪವರ್ ಸಪ್ಲೈ, ರಿಬ್ಬನ್ ಕೇಬಲ್ ಇವುಗಳ ಮೇಲೆ ಅನುಮಾನ ಪಡಿ. ವಿಸಿಡಿ ಮಾತ್ರ ಓಡಿದರೆ ಮೋಟರ್ ಚೆನ್ನಾಗಿದೆ, ಬೋರ್ಡ್ ಜೀವಂತ ಇದೆ, ತೊಂದರೆ ಇರುವುದು ಲೆನ್ಸಿನಲ್ಲಿ ಅಥವಾ ಕೆಂಪು ಲೇಸರಿನಲ್ಲಿ. ಡಿವಿಡಿ ಓಡಿ ವಿಸಿಡಿ ಓಡದಿದ್ದರೆ ಸಿಡಿ ಲೇಸರ್ ಸತ್ತಿದೆ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ, ನಿಮಗೆ ಬೇಕಾದ್ದು ಡಿವಿಡಿ ತಾನೇ. ಸಿನಿಮಾ ಓಡಿ, ಮನೆಯ ಡಿಸ್ಕ್ ಒಂದೇ ಒಂದು ಓಡದಿದ್ದರೆ ಮಷಿನ್ ಬಿಟ್ಟು ಆ ಡಿಸ್ಕನ್ನು ಪರೀಕ್ಷಿಸಿ.

ಅಕ್ಕನ ಮನೆಯಲ್ಲಿ ವಿಸಿಡಿ ತಕ್ಷಣ ಓಡಿತು. ಸಿನಿಮಾ ಡಿವಿಡಿ ಮುಕ್ಕಾಲು ನಿಮಿಷ ತಡವರಿಸಿ ಓಡಿತು, ನಡುನಡುವೆ ನಿಂತಿತು. ಡಿವಿಡಿ-ಆರ್ ಒಂದೂ ಓಡಲಿಲ್ಲ. ಆರ್‌ಡಬ್ಲ್ಯೂ ಕೇಳುವುದೇ ಬೇಡ. "ಅರ್ಧ ಬದುಕಿದೆ" ಅಂದೆ. ಭಾವನಿಗೆ ಸಮಾಧಾನ ಆದಂತೆ ಕಾಣಲಿಲ್ಲ.

ಒಂದು ಎಚ್ಚರಿಕೆ. ಸಿನಿಮಾ ಡಿವಿಡಿಗೂ ಮಷಿನ್ನಿಗೂ ಮಾರಾಟದ ವಲಯದ ಸಂಖ್ಯೆ ಇರುತ್ತದೆ, ಎರಡೂ ಹೊಂದಬೇಕು. ಗಲ್ಫ್‌ನಿಂದ ತಂದ ಮಷಿನ್ ವಲಯ 2ರದ್ದು, ಅಮೆರಿಕದ್ದು ವಲಯ 1, ನಮ್ಮ ದೇಶ ವಲಯ 5. ವಲಯ ಹೊಂದದಿದ್ದರೆ ಸಾಮಾನ್ಯವಾಗಿ ಮಷಿನ್ ಅದನ್ನೇ ಬಾಯಿಬಿಟ್ಟು ಹೇಳುತ್ತದೆ, "ನೋ ಡಿಸ್ಕ್" ಅನ್ನುವುದಿಲ್ಲ. ಅಮೆರಿಕದಿಂದ ತಂದದ್ದಾದರೆ ಹಿಂಬದಿಯ ಚೀಟಿಯಲ್ಲಿ 120 ವೋಲ್ಟ್ ಅಂತ ಮಾತ್ರ ಇದೆಯೋ ಏನೋ ನೋಡಿಕೊಳ್ಳಿ. ಅಂಥದ್ದನ್ನು ನಮ್ಮ 230ಕ್ಕೆ ನೇರವಾಗಿ ಹಾಕಿದರೆ ಮತ್ತೆ ಪರೀಕ್ಷೆ ಮಾಡಲು ಏನೂ ಉಳಿಯುವುದಿಲ್ಲ.

ಡಿಸ್ಕನ್ನೂ ಒಮ್ಮೆ ನೋಡಿ

ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿಯಿರಿ. ಬೆರಳಚ್ಚು, ಎಣ್ಣೆ, ಬೂಷ್ಟು ಎಲ್ಲ ಕಾಣುತ್ತದೆ. ಮೆತ್ತನೆಯ ಹತ್ತಿ ಬಟ್ಟೆಯಲ್ಲಿ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ. ತಟ್ಟೆ ತೊಳೆದಂತೆ ಸುತ್ತಬೇಡಿ. ಗೆರೆಗೆ ಅಡ್ಡವಾಗಿ ಬಿದ್ದ ಗೀರನ್ನು ಮಷಿನ್ ಲೆಕ್ಕ ಹಾಕಿ ಸರಿಮಾಡಿಕೊಳ್ಳುತ್ತದೆ. ಗೆರೆಯ ಉದ್ದಕ್ಕೇ ಬಿದ್ದ ಗೀರು ಒಂದೇ ಸಲಕ್ಕೆ ತುಂಬಾ ಮಾಹಿತಿ ನುಂಗುತ್ತದೆ. ಟೂತ್‌ಪೇಸ್ಟ್ ಹಚ್ಚಿ ಉಜ್ಜುವ ಉಪಾಯ ಎಲ್ಲರಿಗೂ ಗೊತ್ತು. ಸಣ್ಣ ಗೀರಿಗೆ ಒಮ್ಮೊಮ್ಮೆ ಕೆಲಸ ಮಾಡುತ್ತದೆ, ಕೆಟ್ಟ ಬಣ್ಣದ ಪದರಕ್ಕೆ ಏನೂ ಮಾಡುವುದಿಲ್ಲ.

ಮದುವೆ ಡಿಸ್ಕ್‌ಗಳದ್ದು ಬೇರೆಯೇ ಕಥೆ. ಸ್ಟುಡಿಯೊದವರು ವಧೂವರರ ಫೋಟೊ ಇರುವ ಕಾಗದದ ಸ್ಟಿಕ್ಕರ್ ಅಂಟಿಸಿ ಕೊಟ್ಟಿರುತ್ತಾರೆ. ನೋಡಲು ಚಂದ. ಆ ಕಾಗದ ಮಳೆಗಾಲದಲ್ಲಿ ತೇವ ಹೀರುತ್ತದೆ, ಬೇಸಗೆಯಲ್ಲಿ ಒಣಗಿ ಎಳೆಯುತ್ತದೆ, ಡಿಸ್ಕ್ ಹಪ್ಪಳದಂತೆ ಸ್ವಲ್ಪ ಬಾಗುತ್ತದೆ. ಡಿವಿಡಿ ಸಾಮಾನ್ಯ ವೇಗದಲ್ಲೇ ಒಳಸುತ್ತಿನಲ್ಲಿ ನಿಮಿಷಕ್ಕೆ ಸುಮಾರು 1400 ಸುತ್ತು ತಿರುಗುತ್ತದೆ. ಅಷ್ಟು ವೇಗಕ್ಕೆ ಈ ಬಾಗು ಸಾಕು. ಹಾಗಂತ ಸ್ಟಿಕ್ಕರ್ ಕೀಳಲು ಹೋಗಬೇಡಿ. ಡಿವಿಡಿ ಅಂದರೆ 0.6 ಮಿಲಿಮೀಟರಿನ ಎರಡು ಬಿಲ್ಲೆ ಅಂಟಿಸಿದ್ದು, ಎಳೆದಾಟದಲ್ಲಿ ಅದೇ ಬಿಡಿಸಿಕೊಂಡೀತು. ಸಿಡಿಯಲ್ಲಂತೂ ಮಾಹಿತಿಯ ಪದರ ಇರುವುದೇ ಲೇಬಲಿನ ಕೆಳಗೆ. ಸ್ಟಿಕ್ಕರ್ ಜೊತೆಗೇ ಹಾಡೂ ಎದ್ದು ಬರುತ್ತದೆ.

ಕಿವಿಗೊಟ್ಟು ಕೇಳಿ

ಟಿವಿ ಮ್ಯೂಟ್ ಮಾಡಿ, ಫ್ಯಾನ್ ಆರಿಸಿ, ಕಿವಿಯನ್ನು ಮಷಿನ್ನಿನ ಹತ್ತಿರ ಇಡಿ. ಟ್ರೇ ಒಳಗೆ ಹೋದ ಮೇಲೆ ನಡೆಯುವುದಕ್ಕೆ ಒಂದು ಕ್ರಮ ಇದೆ. ಮೊದಲು ಟಕ್ ಅಂತ ಡಿಸ್ಕ್ ಹಿಡಿದುಕೊಳ್ಳುವ ಸದ್ದು. ಆಮೇಲೆ ಪಿಕಪ್ ಒಳಗಿನ ಅಂಚಿಗೆ ಸರಿಯುತ್ತದೆ, ಸಣ್ಣ ಜುಯ್ ಸದ್ದು. ಲೆನ್ಸ್ ಎರಡು ಮೂರು ಸಲ ಮೇಲೆ ಕೆಳಗೆ ಆಡಿ ಡಿಸ್ಕ್ ಎಷ್ಟು ದೂರ ಇದೆ ಅಂತ ಹುಡುಕುತ್ತದೆ. ಸಿಕ್ಕಿದರೆ ಡಿಸ್ಕ್ ಜೋರಾಗಿ ತಿರುಗುತ್ತದೆ. ಕೊನೆಗೆ ಒಳಗಿನ ಸುತ್ತಿನಿಂದ ಓದಲು ಶುರು.

ಟಕ್ ಸದ್ದೇ ಬರದಿದ್ದರೆ ಟ್ರೇ ಪೂರ್ತಿ ಒಳಗೆ ಹೋಗಿಲ್ಲ, ಬೆಲ್ಟ್ ಸಡಿಲ ಆಗಿರುತ್ತದೆ. ಕರಕರ ಅಂತ ಹಲ್ಲು ಕಡಿಯುವ ಸದ್ದು ಬಂದರೆ ಪಿಕಪ್ ಒಳಅಂಚು ಮುಟ್ಟಿದ್ದು ಮಷಿನ್‌ಗೆ ಗೊತ್ತಾಗುತ್ತಿಲ್ಲ. ಅಲ್ಲಿರುವ ಸಣ್ಣ ಸ್ವಿಚ್ ಕೊಳೆಯಾಗಿರಬಹುದು. ಚಿಕ್ ಚಿಕ್ ಅಂತ ಲೆನ್ಸ್ ಆಡಿ, ಡಿಸ್ಕ್ ತಿರುಗದೆ ನಿಂತರೆ ಹೆಚ್ಚಿನ ಮಷಿನ್‌ಗಳಲ್ಲಿ ಅದರ ಅರ್ಥ ಬೆಳಕು ವಾಪಸ್ ಬಂದಿಲ್ಲ ಅಂತ. ತಿರುಗಿ, ನಿಧಾನವಾಗಿ, ಮತ್ತೆ ತಿರುಗಿ, ಹೀಗೆ ಮೂರು ನಾಲ್ಕು ಸಲ ಆದರೆ ಬೆಳಕು ಬಂದಿದೆ, ಸಾಲುತ್ತಿಲ್ಲ. ಅಕ್ಕನ ಮಷಿನ್ ಡಿವಿಡಿ-ಆರ್ ಹಾಕಿದಾಗ ಮಾಡಿದ್ದು ಇದನ್ನೇ.

ತಣ್ಣಗಿದ್ದಾಗ ಹತ್ತು ನಿಮಿಷ ಚೆನ್ನಾಗಿ ಓಡಿ ಆಮೇಲೆ ಕೈಕೊಡುವ ಮಷಿನ್ ಇದ್ದರೆ ಬಿಸಿಯಾಗುವ ಭಾಗದ ಕಡೆ ನೋಡಿ: ಮೋಟರ್, ಅದನ್ನು ಓಡಿಸುವ ಐಸಿ, ಅಥವಾ ಹಿಂದುಗಡೆ ಧೂಳು ಕಟ್ಟಿ ನಿಂತ ಫ್ಯಾನ್.

ಮುಚ್ಚಳ ತೆಗೆಯುವಾಗ

ಪ್ಲಗ್ ಕಿತ್ತುಬಿಡಿ, ಸ್ವಿಚ್ ಆರಿಸಿದರೆ ಸಾಲದು. ಕಿತ್ತ ಮೇಲೂ ಪವರ್ ಸಪ್ಲೈಯ ದಪ್ಪ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಜಾಸ್ತಿ ಸ್ವಲ್ಪ ಹೊತ್ತು ಉಳಿದಿರುತ್ತದೆ. ಆ ಬೋರ್ಡಿನ ಕಡೆ ಕೈ ಹಾಕಬೇಡಿ, ಕಣ್ಣಲ್ಲಿ ಮಾತ್ರ ನೋಡಿ. ಸಣ್ಣ ಕೆಪಾಸಿಟರ್‌ಗಳ ತಲೆ ಚಪ್ಪಟೆಯಾಗಿರಬೇಕು. ಇಡ್ಲಿಯಂತೆ ಉಬ್ಬಿದ್ದರೆ, ಕಂದು ಅಂಟು ಸೋರಿದ್ದರೆ, ನಿಮ್ಮ ದೋಷ ಅಲ್ಲೇ ಸಿಕ್ಕಿತು. 5 ಮತ್ತು 12 ವೋಲ್ಟಿನ ಸಾಲು ಮೋಟರ್ ತಿರುಗುವ ಹೊತ್ತಿಗೆ ಕುಸಿದರೂ ಮಷಿನ್ ಹೇಳುವುದು "ನೋ ಡಿಸ್ಕ್" ಅಂತಲೇ. ಬೆಸುಗೆ ಹಾಕಲು ಬಾರದವರು ಅದನ್ನು ಟಿವಿ ರಿಪೇರಿಯವರ ಹತ್ತಿರ ಕೊಡಿ. ಅವರಿಗೆ ಇದು ದಿನದ ಕೆಲಸ.

ನಮ್ಮ ಕರಾವಳಿ, ಮಲೆನಾಡಿನವರು ಇನ್ನೊಂದನ್ನೂ ನೋಡಬೇಕು: ಇರುವೆ, ಹಲ್ಲಿ. ಬೆಚ್ಚಗಿನ, ಕತ್ತಲೆಯ, ಯಾರೂ ಮುಟ್ಟದ ಪೆಟ್ಟಿಗೆ ಅವಕ್ಕೆ ಅರಮನೆ. ಅಕ್ಕನ ಮಷಿನ್ನಿನಲ್ಲಿ ಎರಡು ಹಲ್ಲಿ ಮೊಟ್ಟೆಯ ಚಿಪ್ಪು ಇತ್ತು. ಅಕ್ಕ ಅದನ್ನು ನೋಡಿದ ಮೇಲೆ ಅಡುಗೆಮನೆಯಿಂದ ಹೊರಗೆ ಬರಲೇ ಇಲ್ಲ.

ರೆಕಾರ್ಡರಿನ ಒಳಗೆ ಡ್ರೈವ್ ಬೇರೆಯೇ ತಗಡಿನ ಡಬ್ಬಿಯಲ್ಲಿರುವುದು ಜಾಸ್ತಿ, ಕಂಪ್ಯೂಟರಿನದ್ದರ ಥರ. ಕೇಬಲ್ ಬಿಚ್ಚುವ ಮೊದಲು ಫೋನಿನಲ್ಲಿ ಒಂದು ಫೋಟೊ ತೆಗೆದುಕೊಳ್ಳಿ. ಮೇಲಿನ ತಗಡು ತೆಗೆದರೆ ಲೆನ್ಸ್ ಕಾಣುತ್ತದೆ, ನೀಲಿ ಹೊಳಪಿನ ಸಣ್ಣ ಗಾಜಿನ ಹನಿಯಂತೆ. ಇದು ಬರೆಯುವ ಲೇಸರ್. ಓದುವ ಪ್ಲೇಯರಿನ ಲೇಸರಿಗಿಂತ ಹಲವು ಪಟ್ಟು ಬಲ ಇದಕ್ಕಿದೆ. ತಗಡು ತೆಗೆದಿಟ್ಟು ಕರೆಂಟ್ ಕೊಡಬೇಡಿ, "ಬೆಳಕು ಬರ್ತದಾ ನೋಡುವ" ಅಂತ ಬಗ್ಗಿ ಇಣುಕುವುದಂತೂ ಬೇಡವೇ ಬೇಡ. ಕಣ್ಣು ಹೋದರೆ ಅದಕ್ಕೆ ಪಿಕಪ್ ಸಿಗುವುದಿಲ್ಲ.

ಕರೆಂಟ್ ಇಲ್ಲದಾಗ ಟಾರ್ಚ್ ಓರೆಯಾಗಿ ಬಿಟ್ಟು ನೋಡಿ. ಧೂಳಾದರೆ ಚುಕ್ಕೆ ಚುಕ್ಕೆ. ಅಡುಗೆಮನೆಯ ಹೊಗೆ, ಊದುಬತ್ತಿಯ ಹೊಗೆಯಾದರೆ ಸಮನಾದ ಹಳದಿ ಮಬ್ಬು. ಬೂಷ್ಟಾದರೆ ಜೇಡರ ಬಲೆಯಂಥ ಸಣ್ಣ ನೂಲು. ನಮಗೆ ಕಂಡದ್ದು ಮೂರನೆಯದು, ಜೊತೆಗೆ ಸ್ವಲ್ಪ ಎರಡನೆಯದು. ಶೋಕೇಸಿನ ಮೇಲಿನ ಅರೆಯಲ್ಲೇ ದೇವರ ಫೋಟೊ ಇತ್ತು, ದಿನಾ ಎರಡು ಹೊತ್ತು ಊದುಬತ್ತಿ.

ಸ್ವಚ್ಛ ಮಾಡಲು ಐಸೊಪ್ರೊಪೈಲ್ ಆಲ್ಕೋಹಾಲ್ ಬೇಕು, 99 ಶೇಕಡಾದ್ದು. ಮೊಬೈಲ್ ರಿಪೇರಿಯವರು ಬಳಸುವುದು ಅದನ್ನೇ. ಮೆಡಿಕಲ್ ಶಾಪಿನ ಸರ್ಜಿಕಲ್ ಸ್ಪಿರಿಟ್‌ನಲ್ಲಿ ಬೇರೇನೇನೋ ಸೇರಿರುತ್ತದೆ, ಒಣಗಿದ ಮೇಲೆ ಪದರ ಬಿಡುತ್ತದೆ. ನೇಲ್ ಪಾಲಿಶ್ ತೆಗೆಯುವ ದ್ರವ ಹಾಕಿದರೆ ಪ್ಲಾಸ್ಟಿಕ್ ಲೆನ್ಸ್ ಕರಗಿ ಕುರುಡಾಗುತ್ತದೆ. ಮೊದಲು ಕ್ಯಾಮೆರಾದವರ ರಬ್ಬರ್ ಬ್ಲೋವರಿನಲ್ಲಿ ಊದಿ. ಬಾಯಲ್ಲಿ ಊದಬೇಡಿ, ಎಂಜಲು ಬೀಳುತ್ತದೆ. ಇಯರ್ ಬಡ್ ಅದ್ದಿ, ಹಿಂಡಿ, ತೇವ ಮಾತ್ರ ಉಳಿಸಿ. ಲೆನ್ಸ್ ಕೂದಲಿನಂಥ ತಂತಿಗಳ ಮೇಲೆ ತೇಲುತ್ತಿರುತ್ತದೆ. ಹಾಗಾಗಿ ಬಡ್ಡಿನ ಭಾರ ಮಾತ್ರ ಬೀಳಲಿ, ಬೆರಳಿನ ಭಾರ ಬೇಡ. ಎರಡು ಸುತ್ತು, ಬಡ್ ಬಿಸಾಡಿ, ಹೊಸ ಬಡ್, ಇನ್ನೆರಡು ಸುತ್ತು. ಕೊನೆಗೊಂದು ಒಣ ಬಡ್. ಹತ್ತು ನಿಮಿಷ ಒಣಗಲಿ.

ಬ್ರಷ್ ಇರುವ ಕ್ಲೀನಿಂಗ್ ಡಿಸ್ಕ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಒಣ ಧೂಳಿಗೆ ಪರವಾಗಿಲ್ಲ. ಬೂಷ್ಟಿಗೂ ಹೊಗೆಯ ಮಬ್ಬಿಗೂ ಅದು ಏನೂ ಮಾಡುವುದಿಲ್ಲ. ತಂತಿಯ ಮೇಲೆ ತೇಲುವ ಲೆನ್ಸಿಗೆ ತಿರುಗುವ ಬ್ರಷ್ಷಿನಲ್ಲಿ ಹೊಡೆಯುವುದು ನನಗಂತೂ ಮನಸ್ಸಿಗೆ ಒಗ್ಗುವುದಿಲ್ಲ.

ಮುಚ್ಚುವ ಮೊದಲು ಪಿಕಪ್ ಜಾರುವ ಎರಡು ಕಂಬಿಗಳನ್ನೂ ನೋಡಿ. ಗ್ರೀಸ್ ಒಣಗಿ ಅಂಟಾಗಿದ್ದರೆ ಪಿಕಪ್ ಹೊರಸುತ್ತಿನ ಕಡೆಗೆ ಸರಿಯದೆ ನಿಲ್ಲುತ್ತದೆ. ಡಿವಿಡಿ ಒಳಗಿನಿಂದ ಹೊರಗೆ ಓಡುತ್ತದಲ್ವಾ, ಸಿನಿಮಾ ಅರ್ಧ ಚೆನ್ನಾಗಿ ಓಡಿ ಆಮೇಲೆ ನಿಲ್ಲುತ್ತಿದ್ದರೆ ಇದನ್ನು ನೆನಪಿಸಿಕೊಳ್ಳಿ. ಹಳೆಯದನ್ನು ಒರೆಸಿ ಸಾಸಿವೆ ಕಾಳಿನಷ್ಟು ಬಿಳಿ ಗ್ರೀಸ್ ಹಚ್ಚಿ. ತೆಂಗಿನೆಣ್ಣೆ ಬೇಡ. ನಮ್ಮ ಕಡೆ ಬಾಗಿಲಿನಿಂದ ಹಿಡಿದು ಹೊಲಿಗೆ ಮಷಿನ್‌ವರೆಗೆ ಅದೇ ಮದ್ದು, ಆದರೆ ಕೆಲವು ತಿಂಗಳಲ್ಲಿ ಅದು ಗೋಂದಾಗುತ್ತದೆ.

ಪಿಕಪ್ ಮೇಲೆ ಒಂದೆರಡು ಚಿಕ್ಕ ಸ್ಕ್ರೂ ಥರದ ಪ್ರೀಸೆಟ್ ಕಾಣಬಹುದು. "ಸ್ವಲ್ಪ ತಿರುಗಿಸಿದರೆ ಲೇಸರ್ ಜೋರಾಗುತ್ತದೆ" ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಜೋರಾಗುವುದೂ ಹೌದು, ಬೇಗ ಸುಡುವುದೂ ಹೌದು. ಮುಟ್ಟಬೇಡಿ.

ಸ್ವಚ್ಛ ಮಾಡಿದ ಮೇಲೆ ಅದೇ ನಾಲ್ಕು ಡಿಸ್ಕ್

ಮತ್ತೆ ಅದೇ ಸಾಲಿನಲ್ಲಿ ಹಾಕಿ. ಎಲ್ಲವೂ ಓಡಿದರೆ ಕೊಳೆಯೊಂದೇ ಕಾರಣ, ಮುಗಿಯಿತು. ಏನೂ ಬದಲಾಗದಿದ್ದರೆ ಲೇಸರ್ ಸವೆದಿದೆ, ಅಥವಾ ಲೆನ್ಸಿನ ಕೆಳಗಿನ ಕನ್ನಡಿಯಲ್ಲೂ ಬೂಷ್ಟಿದೆ. ಅಲ್ಲಿಗೆ ಬಡ್ ತಲುಪುವುದಿಲ್ಲ. ಲೇಸರ್ ಸವೆಯುವುದಕ್ಕೂ ಒಂದು ಲಕ್ಷಣ ಇದೆ: ಮೊದಲು ಬರೆಯುವುದು ನಿಲ್ಲುತ್ತದೆ, ಆಮೇಲೆ ಆರ್‌ಡಬ್ಲ್ಯೂ ಓದುವುದು, ಆಮೇಲೆ ಉಳಿದದ್ದು. ಕೊನೆಯ ದಿನಗಳಲ್ಲಿ ರೆಕಾರ್ಡಿಂಗ್ ಅರ್ಧಕ್ಕೆ ನಿಲ್ಲುತ್ತಿತ್ತಾ ಅಂತ ನೆನಪಿಸಿಕೊಳ್ಳಿ.

ನಮ್ಮಲ್ಲಿ ಸಿನಿಮಾ ಡಿವಿಡಿ ಈಗ ಹದಿನೈದು ಸೆಕೆಂಡಿಗೆ ಬಂತು. ಡಿವಿಡಿ-ಆರ್‌ಗಳು ಓಡಿದವು. ನಾಮಕರಣದ ಡಿಸ್ಕ್ ಎರಡನೇ ಸಲಕ್ಕೆ ಬಂತು. ಆರ್‌ಡಬ್ಲ್ಯೂ ಬರಲೇ ಇಲ್ಲ. ಅಂದರೆ ಬೂಷ್ಟು ಹೋಯಿತು, ಕೆಳಗೆ ಸುಸ್ತಾದ ಲೇಸರ್ ಉಳಿಯಿತು.

ಪಿಕಪ್ ಬದಲಿಸಬಹುದಲ್ಲ ಅಂತ ಭಾವ ಕೇಳಿದರು. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಹುಡುಕಿದರೆ ಪ್ಲೇಯರಿನ ಪಿಕಪ್ ಸಿಗುತ್ತದೆ. ರೆಕಾರ್ಡರಿಗೆ ಅದು ಹೊಂದುವುದಿಲ್ಲ. ಇಡೀ ಡ್ರೈವನ್ನೇ ಬದಲಿಸೋಣ ಅಂದರೆ ಎಷ್ಟೋ ರೆಕಾರ್ಡರ್‌ಗಳು ತಮ್ಮದೇ ಮಾದರಿಯ ಡ್ರೈವ್ ಬಿಟ್ಟು ಬೇರೆಯದನ್ನು ಒಪ್ಪುವುದಿಲ್ಲ. ಅದೇ ಮಾದರಿಯ ಇನ್ನೊಂದು ಹಳೆಯ ಮಷಿನ್ ಸಿಕ್ಕರೆ ಮಾತ್ರ ಆ ದಾರಿ.

ಮುಚ್ಚದ ಡಿಸ್ಕ್

ಈಗ ನಿಜವಾದ ಗಂಟು. ನಾಮಕರಣದ ಡಿಸ್ಕ್ ಬೇರೆ ಪ್ಲೇಯರಿನಲ್ಲಿ ಓಡದಿರಲು ಕಾರಣ ಗೀರಲ್ಲ, ಬೂಷ್ಟಲ್ಲ. ಅದನ್ನು ಫೈನಲೈಸ್ ಮಾಡಿರಲಿಲ್ಲ. ರೆಕಾರ್ಡರ್ ಬರೆದು ಮುಗಿಸಿದ ಮೇಲೆ ಡಿಸ್ಕಿನ ಮೊದಲಲ್ಲಿ ಯಾವುದು ಎಲ್ಲಿದೆ ಅನ್ನುವ ವಿವರ ಬರೆದು ಮುಚ್ಚಬೇಕು. ಅದು ಆಗದಿದ್ದರೆ ಬರೆದ ಮಷಿನ್ ಓದೀತು, ಉಳಿದವಕ್ಕೆ ಅದು ಖಾಲಿ ಡಿಸ್ಕ್. ಭಾವ ಬೇಕೆಂದೇ ಮುಚ್ಚಿರಲಿಲ್ಲ. ಸಾಮಾನ್ಯ ಗುಣಮಟ್ಟದಲ್ಲಿ ಒಂದು ಡಿಸ್ಕಿಗೆ ಎರಡು ಗಂಟೆ ಹಿಡಿಯುತ್ತದೆ. ನಾಮಕರಣ ಬರೀ 78 ನಿಮಿಷ. "ಜಾಗ ಉಂಟಲ್ಲ, ಹುಟ್ಟುಹಬ್ಬದ್ದೂ ಹಾಕುವ ಅಂತ." ಕ್ಯಾಮೆರಾದ ಟೇಪಿನ ಮೇಲೆ ಯಾವಾಗಲೋ ಬೇರೆ ಶೂಟ್ ಆಗಿತ್ತು.

ಡಿಸ್ಕ್ ಓಡಿದ ಖುಷಿಯಲ್ಲಿ ಭಾವ ರಿಮೋಟ್ ತೆಗೆದುಕೊಂಡು ಫೈನಲೈಸ್ ಒತ್ತಲು ಹೋದರು. ನಾನು ಕಸಿದುಕೊಂಡೆ, ಅಕ್ಷರಶಃ. ಫೈನಲೈಸ್ ಅಂದರೆ ಬರೆಯುವುದು. ಬರೆಯಲು ಓದುವುದಕ್ಕಿಂತ ಎಷ್ಟೋ ಜಾಸ್ತಿ ಲೇಸರ್ ಬಲ ಬೇಕು. ಆರ್‌ಡಬ್ಲ್ಯೂ ಓದಲಾರದ ಲೇಸರ್ ಆ ಕೆಲಸವನ್ನು ಅರ್ಧಕ್ಕೆ ಬಿಟ್ಟರೆ, ಅಥವಾ ಆ ಎರಡು ಮೂರು ನಿಮಿಷದಲ್ಲಿ ಕರೆಂಟ್ ಹೋದರೆ, ಈ ಮಷಿನ್ನೂ ಆ ಡಿಸ್ಕನ್ನು ಓದಲಾರದು. ಮಳೆಗಾಲದ ಉಡುಪಿಯಲ್ಲಿ ಕರೆಂಟನ್ನು ನಂಬುವವರು ಯಾರು?

ಇಂಥ ಮಷಿನ್ನಿನಲ್ಲಿ ಓಡಿಸಿ ಹಿಡಿದುಕೊಳ್ಳಬೇಕು, ಬರೆಯಲು ಹೋಗಬಾರದು. ಹಿಂಬದಿಯ ಹಳದಿ, ಬಿಳಿ, ಕೆಂಪು ತೂತಿನಿಂದ ವಯರ್ ಎಳೆದು, ಯುಎಸ್‌ಬಿ ವಿಡಿಯೊ ಕ್ಯಾಪ್ಚರ್ ಸಾಧನಕ್ಕೆ ಕೊಟ್ಟು ಲ್ಯಾಪ್‌ಟಾಪಿನಲ್ಲಿ ರೆಕಾರ್ಡ್ ಮಾಡಿದೆವು. ಗುಣಮಟ್ಟ ಒಂದು ಕೂದಲು ಕಡಿಮೆ. ಆದರೆ ಡಿಸ್ಕಿಗೆ ಏನೂ ಆಗುವುದಿಲ್ಲ. 51ನೇ ನಿಮಿಷದಲ್ಲಿ ಚಿತ್ರ ಚೌಕ ಚೌಕವಾಗಿ ಒಡೆಯಿತು. ನಿಲ್ಲಿಸಿ, ಡಿಸ್ಕ್ ತೆಗೆದು, ಅಂಚಿನ ಹತ್ತಿರ ಇದ್ದ ಹೆಬ್ಬೆರಳ ಗುರುತು ಒರೆಸಿ ಮತ್ತೆ ಓಡಿಸಿದೆವು. ಅಲ್ಲಿಂದ ಮುಂದೆ ಸುಗಮ.

ರೆಕಾರ್ಡರ್ ಪೂರ್ತಿ ಸತ್ತಿದ್ದರೂ ದಾರಿ ಇದೆ. ಒಳ್ಳೆಯ ಕಂಪ್ಯೂಟರ್ ಡಿವಿಡಿ ರೈಟರಿಗೆ ಹಾಕಿ ಐಸೊಬಸ್ಟರ್ ಥರದ ಸಾಫ್ಟ್‌ವೇರಿನಲ್ಲಿ ನೋಡಿ. ಮುಚ್ಚದ ಡಿಸ್ಕಿನ ಒಳಗೂ ಅದು ಹುಡುಕುತ್ತದೆ. ಓದುವ ಡ್ರೈವಿಗಿಂತ ಬರೆಯುವ ಡ್ರೈವಿನಲ್ಲೇ ಪ್ರಯತ್ನಿಸಿ, ಮುಚ್ಚದ ಡಿಸ್ಕನ್ನು ಗುರುತಿಸುವುದು ಅವಕ್ಕೇ ಚೆನ್ನಾಗಿ ಗೊತ್ತು. ಕಂಪ್ಯೂಟರ್ "ಡಿಸ್ಕ್ ಖಾಲಿ ಇದೆ, ಫಾರ್ಮ್ಯಾಟ್ ಮಾಡಲೇ?" ಅಂತ ಕೇಳಿದರೆ ಬೇಡ ಅನ್ನಿ. ಹಾರ್ಡ್‌ಡಿಸ್ಕ್ ಇರುವ ರೆಕಾರ್ಡರ್ ಆದರೆ, ಡಿವಿಡಿ ಓಡದಿದ್ದರೂ ಹಾರ್ಡ್‌ಡಿಸ್ಕಿನಲ್ಲಿ ಮೂಲ ಉಳಿದಿರಬಹುದು, ಮೊದಲು ಅಲ್ಲಿ ನೋಡಿ.

78 ನಿಮಿಷ ನಾವು ನಾಲ್ಕು ಜನ ಕೂತು ನೋಡಿದೆವು. ಈಗಿಲ್ಲದ ಅಜ್ಜಿ ತೊಟ್ಟಿಲು ತೂಗುತ್ತಾ ಕ್ಯಾಮೆರಾ ಕಡೆ ಕೈಬೀಸಿದರು. ಪಿಯುಸಿ ಹುಡುಗಿ ಅದನ್ನು ಮೂರು ಸಲ ಹಿಂದೆ ಓಡಿಸಲು ಹೇಳಿದಳು. ಲ್ಯಾಪ್‌ಟಾಪಿನದನ್ನು ಎರಡು ಪೆನ್‌ಡ್ರೈವ್‌ಗೆ ಹಾಕಿ ಒಂದನ್ನು ಅಕ್ಕನ ಕಪಾಟಿನಲ್ಲಿ, ಒಂದನ್ನು ನನ್ನ ಮನೆಯಲ್ಲಿ ಇಟ್ಟೆವು. ರೆಕಾರ್ಡರಿನ ಮೇಲೆ ಮತ್ತೆ ಕಸೂತಿ ಬಟ್ಟೆ ಬಂತು. ಊದುಬತ್ತಿ ಮಾತ್ರ ಬೇರೆ ಕಡೆಗೆ ಹೋಯಿತು.

"ಹಾಗಾದರೆ ಇನ್ನು ಮುಚ್ಚಬಹುದಲ್ಲ, ಆ ಡಿಸ್ಕನ್ನು?" ಅಂದೆ.

ಭಾವ ಅದನ್ನು ಕವರಿಗೆ ಹಾಕುತ್ತಾ ಹೇಳಿದರು: "ನಲವತ್ತು ನಿಮಿಷ ಜಾಗ ಉಂಟು ಮಾರಾಯ."